ಧೂಳಿಗೆ ನೆರಳಿಲ್ಲ

“ಹೆಸರು ಬರೆಸ್ರಿ.”

“ಉಚ್ಚೆಂಗಪ್ಪ. ಹರಿಹರ. ಕೆಂಚವೀರಪ್ಪನ ಮಗ.”

ಪರದೆಯ ಹಿಂದೆ ಕೂತಿದ್ದ ಹೊನ್ನಕ್ಕನ ಕೈಯಲ್ಲಿದ್ದ ಬ್ರಷ್ ಅಲ್ಲೇ ನಿಂತುಬಿಟ್ಟಿತು.

ಇವನೇ! ಹದಿನೈದು ದಿನದ ಹಿಂದೆ ತನ್ನ ಫೋಟೋ ನೋಡಿ, ‘ಹೆಸರುಬಲ ಕೂಡಿಬರಲಿಲ್ಲ’ ಅಂತ ಹೇಳಿ ವಾಪಸ್ ಕಳಿಸಿದ ಮನೆಯ ಹುಡುಗ...

ದಾವಣಗೆರೆಯ ಹಯಾತ್ ಸಾಬರ ಸ್ಟುಡಿಯೋದಲ್ಲಿ ಫೋಟೋ ತಿದ್ದುವುದು ಹೊನ್ನಕ್ಕನ ಕೆಲಸ. ಗಂಡಿನ ಮನೆಗೆ ಹೋಗುವ ಹುಡುಗಿಯರ ಮೊಡವೆ, ಸಿಡುಬಿನ ಕಲೆ, ಎಲ್ಲವನ್ನೂ ಸಣ್ಣ ಬ್ರಷ್‌ನಲ್ಲಿ ಮಾಯ ಮಾಡುತ್ತಿದ್ದಳು. ‘ಊರಿನ ಅರ್ಧ ಮದುವಿ ನಮ್ಮ ಹೊನ್ನವ್ವನ ಬ್ರಷ್ ಮಾಡಿಸೇತಿ’ ಅಂತ ಸಾಬರು ನಗುತ್ತಿದ್ದರು.

ತನ್ನ ಫೋಟೋಗೆ ಮಾತ್ರ ಅವಳು ಕಟ್ಟುನಿಟ್ಟಾಗಿ ಹೇಳಿದ್ದಳು. “ಚಾಚಾ, ನಂದಕ್ಕೆ ಬ್ರಷ್ ಮುಟ್ಟಿಸಬ್ಯಾಡ್ರಿ. ಇದ್ದಂಗೆ ಹೋಗ್ಲಿ.”

ಇದ್ದಂಗೆ ಹೋಯಿತು. ಇದ್ದಂಗೆ ವಾಪಸ್ ಬಂತು. ಬಂದ ಲಕೋಟೆಯನ್ನು ಬಿಚ್ಚಿಯೂ ನೋಡದೆ ಮೇಜಿನ ಖಾನೆಗೆ ತುರುಕಿದ್ದಳು. ತನ್ನ ಕಪ್ಪು ಮುಖ ಯಾರಿಗೂ ಬೇಡ ಅನ್ನುವುದನ್ನು ಇನ್ನೊಮ್ಮೆ ಏನು ನೋಡುವುದು!

ಹೊರಗೆ ಉಚ್ಚೆಂಗಪ್ಪ ಪೇಪರಿನ ತುಂಡೊಂದನ್ನು ಬಿಡಿಸುತ್ತಿದ್ದ. ಅಮೆರಿಕದವರ ಯಂತ್ರ ಚಂದ್ರನ ಸುತ್ತ ಸುತ್ತಿ ತೆಗೆದ ಚಿತ್ರ. ತಗ್ಗುಗಳ ನಡುವೆ ಏಳು ಬಿಳಿ ಗುರುತು, ಪಕ್ಕದಲ್ಲಿ ಉದ್ದುದ್ದ ಕಪ್ಪು ಗೆರೆ.

“ಇದನ್ನ ದೊಡ್ಡದು ಮಾಡಿಕೊಡ್ರಿ ಸಾಬ್ರೆ. ನಮ್ಮ ಕಾರ್ಖಾನಿ ಎರಡು ಪಾರ್ಟಿ ಆಗೇತಿ. ಯಾರೋ ಕಟ್ಟಿದ ಕಂಬ ಅಂತ ನಾವು, ಬರೇ ಕಲ್ಲು ಅಂತ ಅವರು. ಸೋತೋರು ಇಡೀ ಶಿಫ್ಟಿಗೆ ಮಂಡಕ್ಕಿ-ಮೆಣಸಿನಕಾಯಿ ತಿನ್ನಿಸಬೇಕು!”

“ದೊಡ್ಡದು ಮಾಡಿದ್ರೆ ಚುಕ್ಕಿ ದೊಡ್ಡವಾಗ್ತಾವೆ. ಚಂದ್ರ ಅಲ್ಲ.”

ಅವನು ತಿರುಗಿದ. ಪರದೆ ಸರಿಸಿ, ಭೂತಗನ್ನಡಿ ಹಿಡಿದು ಒಬ್ಬ ಹುಡುಗಿ ನಿಂತಿದ್ದಳು. ಗದ್ದದ ಮೇಲೆ ಮಸಿ. ಕಣ್ಣಲ್ಲಿ ಕೆಂಡ! ತಾನು ಏನು ತಪ್ಪು ಮಾಡಿದೆ ಅಂತ ಅವನಿಗೆ ಗೊತ್ತಾಗಲಿಲ್ಲ.

“ಅಂದ್ರ?”

“ಪೇಪರಿನ ಚಿತ್ರ ಅಂದ್ರ ಚುಕ್ಕಿ ಜೋಡಿಸಿದ್ದು. ನೋಡ್ರಿ ಇದ್ರಾಗೆ.”

ನೋಡಿದ. ರಾಗಿ ಚೆಲ್ಲಿದ ಹಾಗೆ ಬರೀ ಚುಕ್ಕಿ! “ಮತ್ತೆ ಈ ಬಿಳಿ ಏನ್ರಿ?”

“ಧೂಳು. ನೆಗೆಟಿವ್ ಮೇಲೆ ಧೂಳು ಕೂತರೆ ಫೋಟೋದಾಗೆ ಬೆಳ್ಳಗೆ ಬೀಳ್ತೈತೆ. ದಿನಾ ಅದಕ್ಕೆ ಮಸಿ ತುಂಬೋದೇ ನನ್ನ ಕೆಲಸ.”

ಉಚ್ಚೆಂಗಪ್ಪ ಬಿಳಿ ಗುರುತಿನ ಪಕ್ಕದ ಕಪ್ಪು ಗೆರೆಯ ಮೇಲೆ ಬೆರಳಿಟ್ಟ. ಆಮೇಲೆ ಮೆಲ್ಲಗೆ ಕೇಳಿದ. “ಧೂಳಿಗೆ ನೆರಳು ಇರ್ತೈತೇನ್ರಿ?”

ಹೊನ್ನಕ್ಕ ಮತ್ತೆ ಬಗ್ಗಿ ನೋಡಿದಳು. ಹೌದು... ನೆರಳೇ. ಸೋತೆನಾ? ಅದೂ ಇವನ ಮುಂದೆ? ಛೆ!

ಇಳಿಬಿಸಿಲು ಬಾಗಿಲಿನಿಂದ ನೆಲದ ಮೇಲೆ ಮಲಗಿತ್ತು. ಸಾಬರು ತಿನ್ನುತ್ತಿದ್ದ ಶೇಂಗಾ ಪೊಟ್ಟಣದಿಂದ ಒಂದು ಬೀಜ ತೆಗೆದು ಬಿಸಿಲಿನಲ್ಲಿಟ್ಟಳು. ಬೀಜದ ಹಿಂದೆ ಉದ್ದನೆ ನೆರಳು ಬಿತ್ತು.

“ಅಳೀರಿ.”

ಅವನು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುವವನು. ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು, ಮೊಣಕಾಲೂರಿ, ನಿಜವಾಗಿಯೂ ಅಳೆದ! “ಬೀಜ ಅರ್ಧ ಇಂಚೂ ಇಲ್ಲ. ನೆರಳು ನಾಲ್ಕು ಇಂಚು.”

“ಹೊತ್ತು ಇಳಿದಾಗ ಶೇಂಗಾನೂ ಗೋಪುರ ಆಗ್ತೈತ್ರಿ. ಚಂದ್ರನ ಮೇಲೂ ಹಂಗೇ. ನಿಮ್ಮ ಕಂಬ ಅಂದ್ರ ಕಲ್ಲು. ನಿಮ್ಮ ಪಾರ್ಟಿ ಸೋತಂಗೆ.”

“ನಿಮ್ಮ ಧೂಳೂ ಸೋತಂಗೆ!”

ಇಬ್ಬರೂ ನಕ್ಕರು. ನಕ್ಕ ಮೇಲೆ ಹೊನ್ನಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಯಾರ ಜೊತೆ ನಗುತ್ತಿದ್ದೇನೆ ನಾನು?

“ತಡೀರಿ,” ಅವನು ಮತ್ತೆ ಭೂತಗನ್ನಡಿ ಹಿಡಿದ. “ಈ ಮೂಲ್ಯಾಗಿನ ಏಳನೇದಕ್ಕೆ ನೆರಳೇ ಇಲ್ಲ.”

“ಹಂಗಾದ್ರೆ ಅದೊಂದು ಧೂಳು.”

“ಅಬ್ಬಾ! ಯಾರ ಮಗಳು ಸಾಬ್ರೆ ಇವರು?”

“ಮಿಲ್ಲಿನ ಬೋರಣ್ಣ ಇಲ್ವಾ, ಅವನ ಮಗಳು ಹೊನ್ನಕ್ಕ,” ಅಂದರು ಸಾಬರು ಹೆಮ್ಮೆಯಿಂದ.

ಉಚ್ಚೆಂಗಪ್ಪನ ಮುಖ ಬಿಳಿಚಿಕೊಂಡಿತು. ಅವನ ಕಣ್ಣು ಅವಳ ಕುತ್ತಿಗೆಯ ಮೇಲೆ ನಿಂತವು.

“ಏನು ನೋಡ್ತೀರಿ?”

“ನಿಮಗೆ... ಕುತ್ತಿಗಿ ಮೇಲೆ ತೊನ್ನು ಐತೆ ಅಂತ ಅವ್ವ ಹೇಳಿದ್ಲು. ಫೋಟೋದಾಗೆ ಕಂಡಿತ್ತಂತೆ. ನಾನು ನೋಡ್ಲಿಲ್ಲ...”

ಹೊನ್ನಕ್ಕ ಖಾನೆ ಎಳೆದು ಲಕೋಟೆ ಹರಿದಳು. ಅವಳದೇ ಫೋಟೋ. ಗಂಟಲಿನ ಕೆಳಗೆ, ಅವರೆಕಾಳಿನಷ್ಟು ಅಗಲಕ್ಕೆ, ಬೆಳ್ಳನೆ ಮಚ್ಚೆ!

“ಚಾಚಾ! ಧೂಳು ಕೂತೈತಲ್ರಿ, ತುಂಬಬಾರದಿತ್ತಾ?”

“ನೀನೇ ಅಂದಿದ್ದಲ್ಲವ್ವಾ, ಬ್ರಷ್ ಮುಟ್ಟಿಸಬ್ಯಾಡ್ರಿ ಅಂತ!” ಸಾಬರು ಕಿವಿ ಹಿಡಿದುಕೊಂಡರು.

ಅವಳಿಗೆ ನಗು ಬಂತು, ಅಳುವೂ ಬಂತು. ಬೇಡ ಅಂದದ್ದು ತನ್ನ ಮುಖವನ್ನಲ್ಲ, ಒಂದು ಕಣ ಧೂಳನ್ನು!

“ಹಂಗಾದ್ರೆ ಏನೂ ತೊಂದರಿ ಇಲ್ಲಲ್ರಿ!” ಅಂದ ಉಚ್ಚೆಂಗಪ್ಪ, ಖುಷಿಯಿಂದ.

ಆ ಮಾತು ಅವಳಿಗೆ ಚುಚ್ಚಿತು. ಎಷ್ಟು ಹುಡುಗಿಯರ ಬಿಳಿ ಮಚ್ಚೆಯನ್ನು ಅವಳೇ ಮುಚ್ಚಿರಲಿಲ್ಲ! ಅವರೆಲ್ಲ ಏನಾದರು?

“ನಿಜವಾಗ್ಲೂ ತೊನ್ನಿದ್ದಿದ್ರೆ?”

ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿತು. ಪೇಪರ್ ಮಡಚಿಕೊಂಡು ಅವನು ರೈಲಿಗೆ ಹೋಗಿಬಿಟ್ಟ.

ಉತ್ತರ ಸಿಕ್ಕಿತು, ಅಂದುಕೊಂಡಳು ಹೊನ್ನಕ್ಕ. ಎದೆ ಯಾಕೆ ಇಷ್ಟು ಉರಿಯುತ್ತಿದೆ ಅನ್ನುವುದೇ ತಿಳಿಯಲಿಲ್ಲ. ಒಂದು ತಾಸಿನ ಪರಿಚಯ...

ನಾಲ್ಕು ದಿನ ಬಿಟ್ಟು ಅಪ್ಪ ಬೋರಣ್ಣ ಮೆಲ್ಲಗೆ ಮಾತು ತೆಗೆದ. “ಹದಡಿ ಊರಿನ ಗಂಡಿನೋರು ಫೋಟೋ ಕೇಳ್ಯಾರೆ ಹೊನ್ನಿ. ಈ ಸಲ ಸ್ವಲ್ಪ ಬೆಳ್ಳಗೆ ಮಾಡವ್ವಾ. ಊರಿಗೆಲ್ಲಾ ಮಾಡ್ತಿ, ನಿನಗೊಂದು ಮಾಡ್ಕೊಂಡ್ರೆ ಕೈ ಸವೀತೈತಾ?”

ಅಪ್ಪನ ದನಿಯಲ್ಲಿದ್ದ ಸಂಕಟ ಅವಳಿಗೆ ಕೇಳಿಸಿತು. ಬ್ರಷ್ ಹಿಡಿದು ಕೂತಳು. ಎರಡು ತಾಸಿನ ಕೆಲಸ. ಹದಡಿಯವರು ಕುಣಿದುಕೊಂಡು ಬರುತ್ತಾರೆ. ಬಂದವರ ಎದುರು ಈ ಫೋಟೋದ ಹುಡುಗಿಯನ್ನು ಎಲ್ಲಿಂದ ತರುವುದು?

ಕೊನೆಗೆ ಒಂದೇ ಹನಿ ಮಸಿಯಲ್ಲಿ ಧೂಳಿನ ಗುರುತು ಮಾತ್ರ ತುಂಬಿದಳು. ಮುಖ ಇದ್ದಂಗೇ ಬಿಟ್ಟಳು.

“ಇಷ್ಟೇನಾ?” ಅಂದ ಅಪ್ಪ.

“ಇಷ್ಟೇ ನಾನಿರೋದು, ಅಪ್ಪಾ.”

ಅವನು ನಿಟ್ಟುಸಿರು ಬಿಟ್ಟು ಫೋಟೋ ಜೇಬಿಗಿಟ್ಟುಕೊಂಡ. ಸೋಮವಾರ ಹದಡಿಗೆ ಹೋಗುವುದಿತ್ತು.

ಭಾನುವಾರ ಮಧ್ಯಾಹ್ನವೇ ಬಾಗಿಲಲ್ಲಿ ದನಿ. “ಬೋರಣ್ಣ ಅದಾರೇನ್ರಿ?”

ಉಚ್ಚೆಂಗಪ್ಪ! ಜೊತೆಗೆ ಅವನ ತಾಯಿ ಮೈಲಮ್ಮ, ಕೈಯಲ್ಲಿ ಹೂವಿನ ಪೊಟ್ಟಣ.

“ಬರ್ರಿ, ಕೂಡ್ರಿ,” ಬೋರಣ್ಣ ತಡಬಡಾಯಿಸಿದ.

ಮೈಲಮ್ಮ ಕೂಡಲಿಲ್ಲ. “ಬಾರವ್ವಾ, ಹೂ ಮುಡಿಸ್ತೀನಿ,” ಅಂತ ಹೊನ್ನಕ್ಕನನ್ನು ಬೆಳಕಿಗೆ ತಿರುಗಿಸಿ, ಗದ್ದ ಎತ್ತಿ, ಕುತ್ತಿಗೆಯನ್ನು ಚೆನ್ನಾಗಿ ನೋಡಿದಳು.

“ಈ ಕಡೀನೂ ನೋಡಿಬಿಡ್ರಿ ಅತ್ತಿ. ಮತ್ತೆ ಅನುಮಾನ ಬ್ಯಾಡ.”

ಬೋರಣ್ಣನ ಜೀವ ಬಾಯಿಗೆ ಬಂತು. ಮೈಲಮ್ಮ ಒಂದು ಕ್ಷಣ ಬೆರಗಾಗಿ, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. “ತಪ್ಪಾತವ್ವಾ. ಬಾಯಿ ಜೋರೈತೆ ನಿಂದು! ನಮ್ಮ ಮನ್ಯಾಗೆ ಇಬ್ಬರು ಗಂಡಸ್ರೂ ಮೂಗರು. ನೀನೇ ಬೇಕು.”

ಆದರೆ ಹೊನ್ನಕ್ಕನಿಗೆ ಬೇಕಾಗಿದ್ದ ಮಾತು ಅದಲ್ಲ. ಹಿತ್ತಲಿನ ಬಾಗಿಲಲ್ಲಿ ಉಚ್ಚೆಂಗಪ್ಪ ನೀರು ಕೇಳುವ ನೆಪದಲ್ಲಿ ಬಂದು ನಿಂತಾಗ, ಚೊಂಬು ಕೊಡಲೇ ಇಲ್ಲ.

“ಮೊದಲು ಉತ್ತರ.”

ಅವನು ನೆಲ ನೋಡುತ್ತಾ ಹೇಳಿದ. “ಏಳು ದಿನ ಅದನ್ನೇ ಯೋಚನೆ ಮಾಡಿದೆ. ಅವ್ವ ತೊನ್ನೈತೆ ಅಂದ್ಲು, ನಾನು ‘ಹೌದಾ’ ಅಂತ ಊಟಕ್ಕೆ ಕೂತೆ. ಚಂದ್ರನ ಚಿತ್ರ ಹಿಡ್ಕೊಂಡು ಇಲ್ಲೀತನಕ ರೈಲು ಹತ್ತಿ ಬಂದೆ. ನಿಮ್ಮ ಚಿತ್ರ ನೋಡಾಕೆ ಪಡಸಾಲಿಯಿಂದ ಒಳಮನಿಗೂ ಎದ್ದು ಹೋಗಲಿಲ್ಲ. ಅದು ನನ್ನ ತಪ್ಪು.”

“ಮತ್ತೆ?”

“ಅವತ್ತು ತೊನ್ನಿದ್ದಿದ್ರೆ ಬ್ಯಾಡ ಅಂತಿದ್ದೆ. ಸುಳ್ಳು ಹೇಳಾಕೆ ಬರಲ್ಲ. ಈಗ... ನಾಳೆನೇ ಮೈಯೆಲ್ಲಾ ಬೆಳ್ಳಗಾದ್ರೂ ನನಗೆ ನೀವೇ ಬೇಕು. ನೆಲದ ಮೇಲೆ ಶೇಂಗಾ ಇಟ್ಟು ‘ಅಳೀರಿ’ ಅಂದ್ರಲ್ಲ... ಆವಾಗಿಂದ.”

ಸಿಹಿ ಸುಳ್ಳನ್ನು ಎದುರಿಸಲು ಅವಳು ಸಿದ್ಧಳಾಗಿದ್ದಳು. ಇದಕ್ಕೆ ಸಿದ್ಧಳಾಗಿರಲಿಲ್ಲ. ಕಣ್ಣು ತುಂಬಿಬಂತು.

“ಇಷ್ಟೆಲ್ಲಾ ಹೇಳಿ ನೆಲ ನೋಡ್ತೀರಲ್ರಿ! ನನ್ನ ನೋಡ್ರಿ.”

“ನೋಡಿದ್ರೆ ಮುಂದಿನ ಮಾತು ಮರೀತೈತೆ.”

“ಮರೀಲಿ. ಮುಂದಿನ ಮಾತು ನಾನು ಹೇಳ್ತೀನಿ.”

ಅವನು ತಲೆ ಎತ್ತಿದ. ಮಧ್ಯಾಹ್ನದ ಬಿರುಬಿಸಿಲಲ್ಲಿ, ಪೌಡರು ಕೂಡ ಹಚ್ಚದ ಅವಳ ಮುಖವನ್ನು ನೋಡಿದ. ನೋಡುತ್ತಲೇ ನಿಂತ.

“ಒಪ್ಪಿಗಿ ಐತೆ,” ಅಂದಳು ಹೊನ್ನಕ್ಕ, ಚೊಂಬು ಮುಂದೆ ಚಾಚಿ. “ಈಗ ನೀರು ಕುಡೀರಿ.”