ಹೆಚ್ಚಿಗೆ ಹಾಕಿದ ಎಂಟು ಚೀಲ

ನಾನು ದೆವ್ವವನ್ನು ಕಂಡವನಲ್ಲ, ತೂಗಿದವನು.

ನಾಟಕಶಾಲೆಯಲ್ಲಿ ನನ್ನದು ಹಗ್ಗದ ಕೆಲಸ. ನಟರು ಹಾರಬೇಕಾದಾಗ ಹಗ್ಗದ ಒಂದು ತುದಿಯ ಕೊಕ್ಕೆಗೆ ಅವರನ್ನು ಸಿಕ್ಕಿಸಿ, ಇನ್ನೊಂದು ತುದಿಗೆ ಅವರಷ್ಟೇ ತೂಕದ ಮರಳು ಚೀಲಗಳನ್ನು ಅಟ್ಟದ ಮೇಲಿಂದ ಕಟ್ಟುತ್ತೇನೆ. ಚೀಲಕ್ಕೆ ಹತ್ತು ಕಿಲೋ. ಮೊದಲು ಈ ಕೆಲಸ ಸೋದರಮಾವನದಾಗಿತ್ತು. ಅವನ ಕಾಲದಲ್ಲೇ ಡುಮ್ಮಣ್ಣ ಎಂಬ ಹಾಸ್ಯನಟ ಹಾರುತ್ತಿದ್ದಾಗ ಹಗ್ಗ ಹರಿದು, ಬಿದ್ದು ಸತ್ತ. ಅದೂ ನಾಟಕವೆಂದೇ ಜನ ಬಿದ್ದು ಬಿದ್ದು ನಕ್ಕರಂತೆ. ವಿಷಯ ತಿಳಿದ ಮೇಲೆ ಚಪ್ಪಾಳೆ ತಟ್ಟುವವರು ಯಾರು?

ಮೊನ್ನೆ ಮಧ್ಯಾಹ್ನದ ಆಟದಲ್ಲಿ ಹಕ್ಕಿಯ ಪಾತ್ರದವಳು ಹಾರಬೇಕಿತ್ತು. ಕಡ್ಡಿಯಂಥವಳು, ಐದು ಚೀಲ ಸಾಕು. ಎಳೆದರೆ ಅಲುಗಲೇ ಇಲ್ಲ.

"ಏನಣ್ಣಾ, ಊಟ ಮಾಡಿಲ್ವಾ?" ಎಂದು ಕೆಳಗಿನಿಂದ ನಕ್ಕಳು.

"ನೀನೇ ಇಬ್ಬರ ಊಟ ಮಾಡಿದ್ದೀಯ!" ಎನ್ನುತ್ತ ಒಂದೊಂದೇ ಚೀಲ ಸೇರಿಸಿದೆ. ಐದರ ಮೇಲೆ ಎಂಟನೆಯದಕ್ಕೆ ಹೂವಿನಂತೆ ಎದ್ದಳು. ಸೆಕೆಯಲ್ಲೂ ಹಗ್ಗ ಮಂಜಿನಂತೆ ಕೊರೆಯುತ್ತಿತ್ತು.

ಅವಳು ಇಳಿದಾಗ ರೂಢಿಯಂತೆ ಐದೇ ಚೀಲ ಬಿಚ್ಚಿ ಸನ್ನೆ ಮಾಡಿದೆ. ಅವಳು ಕೊಕ್ಕೆ ಕಳಚಿದಳು. ಉಳಿದ ಎಂಟು ಚೀಲ ನನಗೆ ನೆನಪಾದದ್ದೇ ಆಗ. ಕೊಕ್ಕೆ ರೊಯ್ಯನೆ ಮೇಲೆದ್ದು ಅವಳ ಮುಖ ಸೀಳಬೇಕಿತ್ತು. ಆದರೆ ಖಾಲಿ ಕೊಕ್ಕೆ ಅವಳ ಪಕ್ಕದಲ್ಲೇ ಬಿಗಿಯಾಗಿ ನಿಂತಿತ್ತು. ಚಪ್ಪಾಳೆ ಪೂರ್ತಿ ಮುಗಿದ ಮೇಲೆಯೇ ಅದು ನಿಧಾನಕ್ಕೆ ಮೇಲೆ ಬಂತು.

ಸಂಜೆ ಮಾವನಿಗೆ ಹೇಳಿದೆ.

"ಹೆಚ್ಚಿಗೆ ಎಷ್ಟು ಹಾಕ್ದೆ?"

"ಎಂಟು ಚೀಲ."

"ಎಂಟೇನಾ?" ಮಾವ ನಗುತ್ತಲೇ ಕಣ್ಣೊರೆಸಿಕೊಂಡ. "ಡುಮ್ಮಣ್ಣ ಇಳಿದುಹೋಗಿದ್ದಾನೆ ಕಣೋ. ನಾನು ಹತ್ತು ಹಾಕ್ತಿದ್ದೆ."