ಆರನೆಯ ಪಿನ್ನು

ಆ ದಿನ ಬೆಳಿಗ್ಗೆ ನಾನು ಅಂಗಡಿಯ ಷಟರ್ ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಒಬ್ಬರು ಅದರಡಿ ಬಗ್ಗಿ ಒಳಗೆ ಬಂದರು. ಅರವತ್ತರ ಆಸುಪಾಸು, ಬೆರಳ ತುದಿಗಳಲ್ಲಿ ತೊಳೆದರೂ ಹೋಗದ ಗ್ರೀಸು. ಕನ್ನಡಕಕ್ಕೆ ಬಂದವರಲ್ಲ ಎಂದು ಆಗಲೇ ತಿಳಿಯಿತು. ಕನ್ನಡಕಕ್ಕೆ ಬಂದವರು ಮೊದಲು ಬೆಲೆ ಕೇಳುತ್ತಾರೆ.

"ನಿಮ್ಮ ದೊಡ್ಡಮ್ಮ ಇದ್ದಾರಾ?" ಎಂದರು.

ದೊಡ್ಡಮ್ಮ ಅಂಗಡಿಯ ಮೇಲಿನ ಮನೆಯಲ್ಲಿರುತ್ತಾರೆ. ಮೂವತ್ತೊಂದು ವರ್ಷ ರೈಲ್ವೆ ಕಂಟ್ರೋಲ್ ಆಫೀಸಿನಲ್ಲಿ ಕೂತು, ಯಾವ ರೈಲು ಎಲ್ಲಿದೆ ಎಂದು ಚಾರ್ಟಿನ ಮೇಲೆ ಗೆರೆ ಎಳೆದವರು. ನಿವೃತ್ತರಾದ ಮೇಲೆ ಜನರ ಕಗ್ಗಂಟು ಬಿಡಿಸುವುದು ಅವರ ಕೆಲಸ. ಅಂಗಡಿ ಮುಚ್ಚಿ ಕಾರು ಓಡಿಸುವುದು, ಆಮೇಲೆ ನಡೆದದ್ದನ್ನು ಬರೆದಿಡುವುದು ನನ್ನ ಕೆಲಸ. ಇದರಿಂದ ನನ್ನ ವ್ಯಾಪಾರವೇನೂ ಉದ್ಧಾರವಾಗಿಲ್ಲ.

ಬಂದವರು ಫಿಟ್ಟರ್. ಈಗ ಬೀಗ, ಪಂಪು ರಿಪೇರಿ ಮಾಡಿಕೊಂಡಿದ್ದರು. ಹನ್ನೆರಡು ವರ್ಷದ ಹಿಂದೆ ಉಪಗ್ರಹ ಜೋಡಿಸುವ ಕಾರ್ಖಾನೆಯಲ್ಲಿದ್ದರು.

"ನನ್ನ ಹೆಸರು ಆವತ್ತೇ ಹೋಯ್ತಮ್ಮ, ಅದಕ್ಕೆ ನಾನು ಬಂದಿಲ್ಲ. ಈಗ ಮಗಳದ್ದೂ ಹೋಗ್ತಾ ಇದೆ. ಇವತ್ತು ನಾಲ್ಕು ಗಂಟೆಗೆ ಮೀಟಿಂಗ್ ಅಂತೆ. ಕೆಲಸದಿಂದ ತೆಗೆದು ಪೊಲೀಸ್‌ಗೆ ಕೊಡ್ತಾರಂತೆ."

"ಮೊದಲು ನಿಮ್ಮದು ಹೇಳಿ," ಎಂದರು ದೊಡ್ಡಮ್ಮ.

ಉಪಗ್ರಹವನ್ನು ಸಾಗಿಸುವಾಗ ಅದರ ಸೌರಫಲಕದ ರೆಕ್ಕೆ ಬಿಚ್ಚಿಕೊಳ್ಳಬಾರದೆಂದು ಆರು ಪಿನ್ನು ಹಾಕಿರುತ್ತಾರೆ. ಹಾರಿಸುವ ಮೊದಲು ಅವನ್ನು ತೆಗೆಯಬೇಕು. ಆ ಕೆಲಸ ಇವರದಾಗಿತ್ತು. ಉಪಗ್ರಹ ಮೇಲೇನೋ ಹೋಯಿತು, ಆದರೆ ರೆಕ್ಕೆ ಬಿಚ್ಚಲಿಲ್ಲ. ಮೂರು ವಾರದಲ್ಲಿ ಅದು ಸತ್ತಿತು. ವಿಚಾರಣೆಯ ದಿನ ಪಿನ್ನಿನ ಪೆಟ್ಟಿಗೆ ತೆರೆದರೆ ಒಳಗೆ ಐದೇ ಇದ್ದವು.

"ಆರೂ ತೆಗೆದು ಪೆಟ್ಟಿಗೇಲಿ ಇಟ್ಟಿದ್ದೆ," ಎಂದರು ಫಿಟ್ಟರ್. ಹನ್ನೆರಡು ವರ್ಷ ಹೇಳಿ ಹೇಳಿ ಸವೆದ ಮಾತು ಅದು.

ಮಗಳು ಆಪರೇಟರ್ ಆಗಿ ಕೆಲಸ ಮಾಡುತ್ತಿದ್ದುದು ಬೇರೆ ಕಂಪನಿಯಲ್ಲಿ. ದಾರಿ ತಪ್ಪಿದ ಉಪಗ್ರಹಗಳನ್ನು ಸರಿಯಾದ ಕಕ್ಷೆಗೆ ಎಳೆದು ಬಿಡುವುದು, ಸತ್ತವನ್ನು ಕೆಳಕ್ಕೆ ಎಳೆದು ಗಾಳಿಯಲ್ಲಿ ಸುಟ್ಟುಹೋಗುವಂತೆ ಮಾಡುವುದು ಅವರ ಕಸುಬು. ಎಳೆಯುವ ನೌಕೆಗೆ ಅಲ್ಲಿನವರು ಇಟ್ಟ ಹೆಸರು 'ಎತ್ತು'. ಈ ಸಲ ಅವರಿಗೆ ಬಂದ ಕೆಲಸ ಫಿಟ್ಟರ್ ಜೋಡಿಸಿದ್ದ ಆ ಉಪಗ್ರಹದ್ದೇ. ಎಳೆಯುವ ಮೊದಲು ನಾಲ್ಕೂ ಬದಿಯ ಫೋಟೊ ತೆಗೆದು ಗಿರಾಕಿ ಕಂಪನಿಗೆ ನೇರವಾಗಿ ಕಳಿಸಬೇಕು. ಮೂರು ಬದಿ ಮುಗಿದಿತ್ತು, ರೆಕ್ಕೆಯ ಬದಿಯೊಂದು ಉಳಿದಿತ್ತು. ಅಷ್ಟರಲ್ಲಿ, ಹಿಂದಿನ ದಿನ ಮಧ್ಯಾಹ್ನ, ಎತ್ತು ಹಿಡಿದದ್ದನ್ನು ಕೈಬಿಟ್ಟಿತು.

"ಬಿಡು ಅನ್ನೋ ಆಜ್ಞೆ ನನ್ನ ಮಗಳ ಗುರುತಿನ ಕಾರ್ಡಿಂದ ಹೋಗಿದೆಯಂತೆ. ಫೋಟೊ ಬಂದ್ರೆ ಅಪ್ಪನ ಮಾನ ಹೋಗುತ್ತೆ ಅಂತ ಅವಳೇ ಮಾಡಿದಾಳೆ ಅಂತಾರೆ."

"ಮಾಡಿದಾಳಾ?"

"ಇಲ್ಲ ಅಂತಾಳೆ."

ದೊಡ್ಡಮ್ಮ ಗಿರಾಕಿ ಕಂಪನಿಯ ಪ್ರತಿನಿಧಿಗೆ ಫೋನ್ ಮಾಡಿದರು. ಆಕೆಗೆ ಹಿಂದೊಮ್ಮೆ ನಮ್ಮಿಂದ ಉಪಕಾರವಾಗಿತ್ತು. ಹನ್ನೊಂದು ಗಂಟೆಗೆ ನಾವು ಮಗಳ ಕಂಪನಿಯ ಗೇಟಿನಲ್ಲಿದ್ದೆವು.

ಗೇಟಿನ ಕಾವಲುಗಾರ ನಮ್ಮ ಹೆಸರು, ಹೊತ್ತು, ಕಾರಿನ ನಂಬರು ಎಲ್ಲವನ್ನೂ ಮುತ್ತು ಪೋಣಿಸಿದಂತೆ ಬರೆದುಕೊಂಡ. ದೊಡ್ಡಮ್ಮನಿಗೆ ಅಂಥವರನ್ನು ಕಂಡರೆ ಪ್ರೀತಿ.

"ನಿನ್ನೆ ಏನಾದ್ರೂ ವಿಶೇಷ ಬರೆದಿದ್ದೀರಾ?"

"ಒಂದೇ, ಮೇಡಂ. ಆಪರೇಟರ್ ಹುಡುಗಿ ಕಾರ್ಡ್ ಬಂದ್ ಮಾಡಿ ಅಂತ ನಿರ್ದೇಶಕರು ಫೋನ್ ಮಾಡಿದ್ರು. ನಾಲ್ಕೂ ನಲವತ್ತಕ್ಕೆ. ಕಾರಣ ಹೇಳಲಿಲ್ಲ, ನಾನೂ ಬರೆದಿಲ್ಲ." ಪುಸ್ತಕ ತಿರುಗಿಸಿ ತೋರಿಸಿದ.

ಕಂಟ್ರೋಲ್ ರೂಮಿನಲ್ಲಿ ಪಾಳಿ ಮುಖ್ಯಸ್ಥ ಸಿಕ್ಕ. ದಪ್ಪ, ಪಾಪದ ಮನುಷ್ಯ. ಮೇಲಿನವರು ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ಪದ್ಧತಿಯನ್ನು ಅವನೇ ವಿವರಿಸಿದ. ಆಜ್ಞೆಗಳ ಪಟ್ಟಿಯನ್ನು ಅವನು ಗಟ್ಟಿಯಾಗಿ ಓದುತ್ತಾನೆ, ಆಪರೇಟರ್ ಕಾಗದದ ಮೇಲೆ ಟಿಕ್ ಹಾಕುತ್ತಾಳೆ. ಆಮೇಲೆ ಪಟ್ಟಿ ಕಂಪ್ಯೂಟರಿನಲ್ಲೇ ನಿರ್ದೇಶಕರ ಸಹಿಗೆ ಹೋಗಿ ಬರುತ್ತದೆ. ಎತ್ತು ಆಂಟೆನಾದ ಕಣ್ಣಿಗೆ ಬಿದ್ದಾಗ ಆಪರೇಟರ್ ಅದನ್ನು ಕಳಿಸುತ್ತಾಳೆ.

"ಎರಡೂ ಮುಕ್ಕಾಲಿಗೆ ಓದಿದ್ವಿ. ಈ ಕಾಗದದಲ್ಲಿ ಆ ಸಾಲು ಇಲ್ಲ. ಮೂರೂ ಇಪ್ಪತ್ತೈದಕ್ಕೆ ಕಳಿಸಿದ್ವಿ. ಹೋದದ್ರಲ್ಲಿ ಇದೆ. 'ನಾಲ್ಕೂ ಹನ್ನೆರಡಕ್ಕೆ ಬಿಡು' ಅಂತ."

"ಕಳಿಸಿದ ಮೇಲೆ ಎತ್ತು ಎಷ್ಟು ಹೊತ್ತು ಕಾಣಿಸುತ್ತೆ?"

ಅವನು ಗೋಡೆಯ ವೇಳಾಪಟ್ಟಿ ತೋರಿಸಿದ. "ಹತ್ತು ನಿಮಿಷ. ಮತ್ತೆ ಬರೋದು ಐದೂ ಎರಡಕ್ಕೆ. ಅಲ್ಲೀವರೆಗೆ ಭೂಮಿಯ ಆ ಕಡೆ ಇರುತ್ತೆ. ಏನಾಯ್ತು ಅಂತ ಇಲ್ಲಿ ಯಾರಿಗೂ ಗೊತ್ತಾಗಲ್ಲ. ಐದೂ ಎರಡಕ್ಕೆ ಅದರ ಡೈರಿ ಇಳಿದ ಮೇಲೇ ನಾವು ಬೆಚ್ಚಿಬಿದ್ದಿದ್ದು."

ದೊಡ್ಡಮ್ಮ ಆ ವೇಳಾಪಟ್ಟಿಯ ಮುಂದೆ ಬಹಳ ಹೊತ್ತು ನಿಂತರು. ಹಳೆಯ ಕಸುಬಿನ ನೆನಪಿರಬೇಕು ಎಂದುಕೊಂಡೆ.

ಮಗಳನ್ನು ಮೇಜು ಕುರ್ಚಿ ಬಿಟ್ಟರೆ ಏನೂ ಇಲ್ಲದ ಕೋಣೆಯಲ್ಲಿ ಕೂರಿಸಿದ್ದರು. ಇಪ್ಪತ್ತೆಂಟು ವರ್ಷ, ಅಪ್ಪನದೇ ಬೆರಳು.

"ಸಹಿ ಆಗಿ ಬಂದ ಪಟ್ಟೀನ ಮತ್ತೆ ಓದಲ್ವಾ?"

"ಕಳಿಸೋ ಮುಂಚೆ ಟೈಮ್ ಇರಲ್ಲ. ಪಾಳಿ ಮುಗಿಯೋವಾಗ, ನಾಲ್ಕೂ ಮುಕ್ಕಾಲಿಗೆ, ಕಳಿಸಿದ್ದನ್ನ ಒಂದೊಂದೇ ಸಾಲು ಓದಿ ಸಹಿ ಹಾಕ್ತೀನಿ. ನಿನ್ನೆ ಆಗಲಿಲ್ಲ. ಮುಖ ತೊಳೆಯೋಕೆ ಹೊರಗೆ ಹೋಗಿದ್ದೆ, ವಾಪಸ್ ಬಂದ್ರೆ ಕಾರ್ಡು ಬಾಗಿಲು ತೆಗೀಲಿಲ್ಲ. ಕೆಟ್ಟಿದೆ ಅಂದ್ಕೊಂಡು ಅಲ್ಲೇ ನಿಂತಿದ್ದೆ."

ಕೊನೆಗೆ ನಿರ್ದೇಶಕರು. ಮೆಲುದನಿಯ, ಮರ್ಯಾದಸ್ಥ ಮನುಷ್ಯ. ಮೀಟಿಂಗಿಗೆ ಬರೆದುಕೊಟ್ಟ ಹೇಳಿಕೆಯ ಪ್ರತಿಯನ್ನು ತಾವಾಗಿಯೇ ಕೊಟ್ಟರು: 'ಐದು ಗಂಟೆ ಎರಡು ನಿಮಿಷಕ್ಕೆ, ಎಲ್ಲರ ಜೊತೆ, ನನಗೂ ವಿಷಯ ತಿಳಿಯಿತು.'

"ಆ ಹುಡುಗಿ ಮೇಲೆ ನನಗೆ ಕೋಪ ಇಲ್ಲ," ಎಂದರು. "ಅವರ ತಂದೆ ಒಳ್ಳೆ ಕೆಲಸಗಾರ. ಆಗ ನಾನೂ ಅದೇ ಕಾರ್ಖಾನೇಲಿ ತಪಾಸಣಾಧಿಕಾರಿ. ವಿಚಾರಣೇಲಿ ಪೆಟ್ಟಿಗೆ ತೆರೆದೋನು ನಾನೇ. ಈಗಲೂ ಬೇಜಾರಾಗುತ್ತೆ."

ನನಗೆ ಅವರ ಮಾತು ಹಿಡಿಸಿತು. ಕಾರಿನಲ್ಲಿ ಹಾಗೆಂದಾಗ ದೊಡ್ಡಮ್ಮ, "ನಿನಗೆ ಯಾರ ಮಾತು ಹಿಡಿಸಲ್ಲ ಹೇಳು," ಎಂದು ಊಟದ ಡಬ್ಬಿ ತೆರೆದರು.

ನಾಲ್ಕು ಗಂಟೆಗೆ ಎಲ್ಲರೂ ಸೇರಿದರು. ಉದ್ದನೆಯ ಮೇಜಿನ ಒಂದು ತುದಿಯಲ್ಲಿ ನಿರ್ದೇಶಕರು, ಇನ್ನೊಂದು ತುದಿಯಲ್ಲಿ ಗಿರಾಕಿ ಕಂಪನಿಯ ಪ್ರತಿನಿಧಿ, ನಡುವೆ ಪಾಳಿ ಮುಖ್ಯಸ್ಥ ಮತ್ತು ಮಗಳು. ಕಾವಲುಗಾರ ಪುಸ್ತಕವನ್ನು ಎದೆಗವಚಿಕೊಂಡು ಬಾಗಿಲ ಬಳಿ ನಿಂತಿದ್ದ. ಫಿಟ್ಟರನ್ನು ಗೇಟಿನ ಒಳಗೆ ಬಿಟ್ಟಿರಲಿಲ್ಲ.

"ಆ ಸಾಲು ಸೇರಿದ್ದು ಎರಡೂ ಮುಕ್ಕಾಲು ಮತ್ತು ಮೂರೂ ಇಪ್ಪತ್ತೈದರ ಮಧ್ಯೆ," ಎಂದು ದೊಡ್ಡಮ್ಮ ಶುರು ಮಾಡಿದರು. "ಆ ಹೊತ್ತಲ್ಲಿ ಪಟ್ಟಿ ಮುಟ್ಟಿದೋರು ಮೂರು ಜನ. ಪಾಳಿ ಮುಖ್ಯಸ್ಥರು, ಈ ಹುಡುಗಿ, ನಿರ್ದೇಶಕರು. ಕಳಿಸಿದ್ದು ಹುಡುಗಿ ಕಾರ್ಡಿಂದ, ನಿಜ. ಪಟ್ಟಿ ಯಾರು ಬರೆದ್ರೂ ಕಳಿಸೋದು ಅವಳೇ ತಾನೆ? ಅಂಚೆಯವನು ಕಾಗದ ತಂದ್ರೆ ಬರೆದೋನೂ ಅವನೇ ಅನ್ನೋಕಾಗುತ್ತಾ?"

"ಆದ್ರೆ ಕಾರಣ ಇರೋದು ಅವಳೊಬ್ಬಳಿಗೆ," ಎಂದರು ನಿರ್ದೇಶಕರು.

"ಅದಕ್ಕೆ ಬರ್ತೀನಿ. ನಿಮಗೆ ವಿಷಯ ಗೊತ್ತಾಗಿದ್ದು ಯಾವಾಗ ಸಾರ್?"

"ಬರೆದುಕೊಟ್ಟಿದ್ದೀನಲ್ಲ. ಐದೂ ಎರಡಕ್ಕೆ."

"ಅದಕ್ಕೆ ಮುಂಚೆ ಅನುಮಾನ?"

"ಹೇಗೆ ಬರುತ್ತೆ? ಎತ್ತು ಕಣ್ಣಿಗೇ ಬಿದ್ದಿರಲಿಲ್ಲ."

ದೊಡ್ಡಮ್ಮ ಕಾವಲುಗಾರನ ಕಡೆ ತಿರುಗಿದರು. ಅವನು ಪುಟ ತೆರೆದು ಓದಿದ: "ನಾಲ್ಕೂ ನಲವತ್ತು. ನಿರ್ದೇಶಕರ ಫೋನ್. ಆಪರೇಟರ್ ಕಾರ್ಡು ಬಂದ್."

ಪ್ರತಿನಿಧಿ ಪುಸ್ತಕ ತರಿಸಿಕೊಂಡು ಆ ಸಾಲನ್ನು ತಾವೇ ಓದಿದರು.

"ನಮ್ಮ ರೈಲಿನ ಕೆಲಸದಲ್ಲೂ ಹೀಗೇ," ಎಂದರು ದೊಡ್ಡಮ್ಮ. "ಎರಡು ಸ್ಟೇಷನ್ ಮಧ್ಯೆ ಗಾಡಿ ಹಳಿ ತಪ್ಪಿದ್ದು ಒಂದು ಹೊತ್ತು, ನಮಗೆ ಸುದ್ದಿ ಬರೋದು ಇನ್ನೊಂದು ಹೊತ್ತು. ಸುದ್ದಿ ಬರೋ ಮುಂಚೆ ಯಾರಾದ್ರೂ ಡ್ರೈವರ್‌ನ ಸಸ್ಪೆಂಡ್ ಮಾಡಿದ್ರೆ ಹಳಿ ಬಿಚ್ಚಿದೋನು ಆ ಸಸ್ಪೆಂಡ್ ಮಾಡಿದೋನೇ. ನಿರ್ದೇಶಕರ ಲೆಕ್ಕದಲ್ಲಿ ಎತ್ತು ನಾಲ್ಕೂ ಹನ್ನೆರಡಕ್ಕೇ ಕೈಬಿಟ್ಟಾಗಿತ್ತು. ಭೂಮಿ ಮೇಲೆ ಅದು ಇನ್ನೂ ಆಗಿರಲಿಲ್ಲ ಅನ್ನೋದು ಮರೆತುಹೋಯ್ತು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡೋರನ್ನ ಕಂಡಿದ್ದೀನಿ. ಇವರು ಯಾರೂ ಏನೂ ಅನ್ನೋ ಮೊದಲೇ ಮುಟ್ಕೊಂಡ್ರು."

"ಅಷ್ಟು ಅವಸರ ಯಾಕೆ?" ಎಂದು ಪ್ರತಿನಿಧಿ ಕೇಳಿದರು.

"ನಾಲ್ಕೂ ಮುಕ್ಕಾಲಿಗೆ ಅವಳು ಕಳಿಸಿದ ಪಟ್ಟಿ ಓದ್ತಿದ್ದಳು. ಆ ಸಾಲು ಕಂಡು ಅವಳೇ ಮೊದಲು ಕೂಗಿಬಿಟ್ಟಿದ್ರೆ ಅವಳ ಮೇಲೆ ಹೊರಿಸೋದು ಹೇಗೆ? ಇನ್ನು ಕಾರಣ. ರೆಕ್ಕೆಯ ಫೋಟೊಗೆ ಹೆದರಬೇಕಾದೋರು ಇಬ್ಬರು. ಪಿನ್ನು ತೆಗೆದೋರ ಕಡೆಯೋರು ಒಬ್ಬರು. ಎಲ್ಲಾ ಸರಿ ಇದೆ ಅಂತ ತಪಾಸಣೆ ಮಾಡಿ, ಆಮೇಲೆ ಪೆಟ್ಟಿಗೆ ತೆರೆದೋರು ಇನ್ನೊಬ್ಬರು. ಫೋಟೊದಲ್ಲಿ ಏನು ಕಾಣುತ್ತೆ ಸಾರ್?"

ನಿರ್ದೇಶಕರು ತಮ್ಮ ಕೈಗಳನ್ನೇ ನೋಡುತ್ತ ಕೂತಿದ್ದರು. ದನಿ ಆಗಲೂ ಮೆಲ್ಲಗೇ ಇತ್ತು.

"ಕ್ಲಾಂಪು. ಪಿನ್ನು ತೆಗೆದ ಮೇಲೆ ರೆಕ್ಕೆ ಅಲ್ಲಾಡ್ತಿತ್ತು. ಆ ಕಟ್ಟಡದಿಂದ ಈ ಕಟ್ಟಡಕ್ಕೆ ಸಾಗಿಸೋಕೆ ಅಂತ ನಾನೇ ಒಂದು ಹಾಕಿದೆ. ತೆಗೆಯೋದು ಮರೆತೆ. ವಿಚಾರಣೆಗೆ ಮುಂಚೆ ಪೆಟ್ಟಿಗೆಯಿಂದ ಒಂದು ಪಿನ್ನು ತೆಗೆದು ಬಿಸಾಕಿದೆ. ಎಂದಾದ್ರೂ ಯಾರಾದ್ರೂ ಮೇಲೆ ಹೋಗಿ ನೋಡ್ತಾರೆ ಅಂತ ಆಗ ಯಾರಿಗೆ ಗೊತ್ತಿತ್ತು?"

ಪಾಳಿ ಮುಖ್ಯಸ್ಥ ಎದ್ದು ಹೋಗಿ ಮಗಳ ಕಾರ್ಡನ್ನು ತಾನೇ ತಂದುಕೊಟ್ಟ.

ಎತ್ತು ಆ ಉಪಗ್ರಹವನ್ನು ಮತ್ತೆ ಹಿಡಿಯಲು ಹನ್ನೊಂದು ದಿನ ಬೇಕಾಯಿತು. ಫೋಟೊ ಬಂದ ದಿನ ಮಗಳು ಅದರ ದೊಡ್ಡ ಪ್ರತಿ ತೆಗೆಸಿಕೊಂಡು ದೊಡ್ಡಮ್ಮನ ಮನೆಗೆ ಬಂದಳು. ಫಿಟ್ಟರ್ ಜೊತೆಗಿದ್ದರು. ನಾನು ಅಂಗಡಿಯಿಂದ ಭೂತಗನ್ನಡಿ ತಂದುಕೊಟ್ಟೆ.

ಫಿಟ್ಟರ್ ಬೆರಳಿಟ್ಟು ಎಣಿಸಿದರು. ಆರು ತೂತು, ಆರೂ ಖಾಲಿ. ಪಕ್ಕದಲ್ಲಿ ಬೂದು ಬಣ್ಣದ ಕ್ಲಾಂಪು ರೆಕ್ಕೆಯನ್ನು ಕಚ್ಚಿಕೊಂಡು ಕೂತಿತ್ತು.

ಅವರು ತಲೆ ಎತ್ತದೆಯೇ ಕೇಳಿದರು. "ಊರೆಲ್ಲಾ ಏನಾದ್ರೂ ಅನ್ನಲಿ. ನೀನು ನನ್ನ ನಂಬಿದ್ದೆ ಅಲ್ವಾ?"

ಮಗಳು ದೊಡ್ಡಮ್ಮನ ಮುಖ ನೋಡಿದಳು. ದೊಡ್ಡಮ್ಮ ಫೋಟೊವನ್ನೇ ನೋಡುತ್ತಿದ್ದರು.

"ಇಲ್ಲಪ್ಪ," ಎಂದಳು. "ಆ ಸಾಲು ನಾನೇ ಬರೆದುಬಿಡ್ಲಾ ಅಂತ ಎರಡು ಸಲ ಯೋಚನೆ ಮಾಡಿದ್ದೆ. ಧೈರ್ಯ ಬರಲಿಲ್ಲ, ಅಷ್ಟೆ."

ಫಿಟ್ಟರ್ ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿದರು.

"ಬಿಡು ಮಗಳೆ," ಎಂದರು. "ಏಳೆಂಟು ವರ್ಷದಿಂದ ನನ್ನನ್ನ ನಾನೂ ನಂಬಿರಲಿಲ್ಲ."

ಆಮೇಲೆ ಫೋಟೊವನ್ನು ಅವಳ ಕಡೆಗೂ ಸ್ವಲ್ಪ ಸರಿಸಿ, ಮೊದಲ ತೂತಿನಿಂದ ಮತ್ತೆ ಎಣಿಸತೊಡಗಿದರು.