ನಾಲ್ಕು ಮಿಲಿಮೀಟರ್

ಬಲವೋ, ಎಡವೋ?

ಕಾರ್ಡಿನ ಮೇಲಿದ್ದದ್ದು ಅವನದೇ ಕೈಬರಹ: ಬಲಗಾಲು ಗಿಡ್ಡ, ನಾಲ್ಕು ಮಿಲಿಮೀಟರ್. ಆದರೆ ಕಿಟಕಿಯತ್ತ ಮುಖ ಮಾಡಿ ಬರಿಗಾಲಲ್ಲಿ ನಿಂತಿದ್ದ ಅವಳನ್ನು ಹಿಂದಿನಿಂದ ನೋಡಿದರೆ ತಗ್ಗಿದ್ದದ್ದು ಎಡ ಸೊಂಟ, ಅಂದರೆ ಗಿಡ್ಡ ಎಡಗಾಲು. ಕಣ್ಣು ಮೋಸ ಮಾಡುತ್ತಿರಬಹುದೆ? ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಎಡವೇ.

ಎರಡು ತಿಂಗಳ ಹಿಂದೆ ಅವಳ ಓಟದ ಶೂಗೆ ಅಳತೆ ತೆಗೆದು ಒಳಗೆ ಹಾಸುವ ಮೆತ್ತೆ, ಇನ್‌ಸೋಲ್, ಮಾಡಿಕೊಟ್ಟವನು ಅವನೇ. ಅಂಗಡಿ ಸೋದರತ್ತೆಯದು. ಅತ್ತೆ ಕಲಿಸಿದ ಮೊದಲ ಪಾಠ: ಸೊಂಟ ಅಳೆಯುವಾಗ ಹಿಂದೆ ನಿಲ್ಲಬೇಕು, ಆಗ ಅವರ ಬಲವೇ ನಮ್ಮ ಬಲ.

ಆ ದಿನ ಅವನು ಎದುರು ನಿಂತಿದ್ದ.

“ಏನ್ ಪಾದದ ಡಾಕ್ಟ್ರೇ, ಮಾತೇ ಇಲ್ಲ?” ಅವಳು ತಿರುಗಿದಳು. ಗಣಿತದ ಟೀಚರ್, ಬೆಳಿಗ್ಗೆ ಓಡದಿದ್ದರೆ ದಿನವಿಡೀ ಮಕ್ಕಳ ಮೇಲೆ ರೇಗುತ್ತೇನೆ ಎಂದು ತಾನೇ ಹೇಳಿಕೊಂಡಿದ್ದಳು. ಇಂದು ಕೈಯಲ್ಲಿ ಶೂ ಇರಲಿಲ್ಲ, ಬರೀ ಆ ಜೊತೆ ಇನ್‌ಸೋಲ್.

“ವಾಪಸ್ ಕೊಡೋಕೆ ಬಂದೆ. ಯಾರಿಗಾದ್ರೂ ಉಪಯೋಗ ಆಗ್ಲಿ.”

“ನಿಮ್ಮ ಪಾದ ಇನ್ಯಾರಿಗೆ ಇರುತ್ತೆ?”

ಅವಳ ತುಟಿಯ ಒಂದು ಬದಿ ಮಾತ್ರ ನಕ್ಕಿತು. “ಓಡೋದು ಬಿಡ್ತಿದ್ದೀನಿ. ಮೊಣಕಾಲು ನೋವು ತಡೆಯೋಕಾಗ್ತಿಲ್ಲ. ಸ್ಕ್ಯಾನಲ್ಲಿ ಏನೂ ಇಲ್ವಂತೆ. ನನ್ನ ಕಾಲಿನ ಹಣೆಬರಹ ಇಷ್ಟೇ. ನಿಮ್ಮ ತಪ್ಪೇನಿಲ್ಲ ಬಿಡಿ.”

ಕೊನೆಯ ಮಾತು ಅವನಿಗೆ ನಾಟಿತು. ಸುಮ್ಮನಿದ್ದರೆ ಅವಳು ತನ್ನನ್ನು ಒಳ್ಳೆಯವನೆಂದೇ ನೆನೆಯುತ್ತಾಳೆ, ಆದರೆ ಓಡುವುದಿಲ್ಲ. ಹೇಳಿದರೆ ಓಡಬಹುದು, ಈ ಬಾಗಿಲಿಗೆ ಮಾತ್ರ ಮತ್ತೆ ಬರಲಾರಳು. ಒಳಕೋಣೆಯಲ್ಲಿ ಅತ್ತೆ ಇನ್‌ಸೋಲ್ ಉಜ್ಜುವ ಯಂತ್ರದ ಸದ್ದು ನಿಂತಿತ್ತು. ಅವರೂ ಕಿವಿಗೊಟ್ಟಿರಬೇಕು.

“ಮೇಡಂ, ಒಂದ್ಸಲ ಬೆಂಚಿನ ಮೇಲೆ ನಿಲ್ತೀರಾ?”

ಈ ಸಲ ಹಿಂದೆ ಹೋದ. ಒಂದೊಂದು ಮಿಲಿಮೀಟರಿನ ಹಾಳೆಗಳನ್ನು ಅವಳ ಎಡಗಾಲಿನ ಕೆಳಗೆ ಸೇರಿಸುತ್ತಾ ಬಂದ. ನಾಲ್ಕನೆಯದಕ್ಕೆ ಸೊಂಟ ಸಮವಾಯಿತು.

“ತಪ್ಪು ನಂದು,” ಎಂದ, ಅವಳ ಬೆನ್ನಿಗೆ. “ಗಿಡ್ಡ ಇರೋದು ಎಡಗಾಲು. ನಾನು ಬಲಕ್ಕೆ ಎತ್ತರ ಕೊಟ್ಬಿಟ್ಟೆ. ಆ ನೋವು ಕೊಟ್ಟಿದ್ದು ನಾನು.”

ಅವಳು ಬಗ್ಗಿ ಎಡಗಾಲಿನ ಕೆಳಗಿನ ಹಾಳೆಗಳನ್ನು ಎಣಿಸಿದಳು.

“ಎರಡು ತಿಂಗಳು ನನ್ನ ಕಾಲಿಗೆ ಬೈದಿದ್ದೀನಿ,” ಎಂದಳು.

“ಈಗ ನನಗೆ ಬೈಯಿರಿ.”

“ಬೈತೀನಿ. ನೀವೇನೂ ಅವಸರ ಮಾಡ್ಬೇಡಿ.”

“ನೀನ್ ಸುಸ್ತು ಮಾಡ್ಕೋಬೇಡಮ್ಮ,” ಒಳಗಿನಿಂದ ಅತ್ತೆಯ ಧ್ವನಿ, “ಅವನಿಗೆ ನಾನಿದ್ದೀನಿ!”

ಅವಳು ನಗಲಿಲ್ಲ. ಕೆಳಗಿಳಿದು ಇನ್‌ಸೋಲ್ ಜೊತೆಯನ್ನು ಅವನ ಅಂಗೈಗೆ ಒತ್ತಿದಳು. “ಶನಿವಾರಕ್ಕೆ ಹೊಸದು ಬೇಕು. ಸರಿಯಾದ ಕಾಲಿಗೆ.”

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿದಳು. ಲೆಕ್ಕದವಳು, ಉತ್ತರ ತಪ್ಪಾದ ಹೆಜ್ಜೆ ಹುಡುಕದೆ ಬಿಡುವವಳಲ್ಲ. “ಇವತ್ತು ಹಿಂದೆ ನಿಂತು ಅಳೆದ್ರಿ. ಅವತ್ತು ಯಾಕೆ ಎದುರು ನಿಂತಿದ್ರಿ?”

ಅವನ ಕಿವಿ ಬಿಸಿಯಾಯಿತು. “ಅದು... ಬೆಳಕು. ಆ ಕಡೆಯಿಂದ ಚೆನ್ನಾಗಿ ಕಾಣ್ತಿತ್ತು.”

ಅವಳು ಕಿಟಕಿಯನ್ನು ನೋಡಿದಳು, ಬೆಂಚನ್ನು ನೋಡಿದಳು, ಆಮೇಲೆ ಅವನನ್ನು, ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು.

“ಓಹೋ. ಬೆಳಕಾ,” ಎಂದಳು.

ಶನಿವಾರ ಬಂದಳು. ಆಮೇಲೆಯೂ ಬರುತ್ತಲೇ ಇದ್ದಳು, ಇನ್‌ಸೋಲಿನ ನೆಪ ತೀರಿದ ಮೇಲೂ. ಆ ದಿನ ಎದುರು ನಿಂತದ್ದು ಅವಳ ಮುಖ ನೋಡಲೆಂದೇ ಎಂದು ಅವನು ಎಂದೂ ಹೇಳಲಿಲ್ಲ.